ಕೇಳದೆ ಇಟ್ಟದ್ದು

ಬುಕ್ಕಸಾಗರದ ಹೇಮಾವತಿ ನಾಟಿಗೆ ಇಳಿದರೆ ಗದ್ದೆಯ ಹೆಂಗಸರಿಗೆಲ್ಲ ಹುರುಪು. ಯಾರನ್ನೂ ಬಿಡದೆ ರೇಗಿಸುವ ಬಾಯಿಬಡುಕಿ ಅವಳು. ಆ ಬಾಯಿ ಕಟ್ಟಿದ್ದು ಚೊಚ್ಚಲ ಮಗು ಹೋದ ಮೇಲೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ಹೆತ್ತ ಗಂಡು ಕೂಸು ಮೂರು ತಿಂಗಳಿಗೇ ಜ್ವರ ಬಂದು ತೀರಿಕೊಂಡಿತು.

“ವಯಸ್ಸೈತಿ, ಮತ್ತೊಂದು ಹಡೀತಿ ಬಿಡವ್ವ,” ಎಂದು ಕಣ್ಣೊರೆಸಿದ್ದ ಅತ್ತೆ ಎರ್ರೆಮ್ಮನೇ ವರ್ಷಗಳು ಉರುಳಿದಂತೆ ಮುಖ ತಿರುಗಿಸತೊಡಗಿದಳು. ಹುಲಿಗೆಮ್ಮನಿಗೆ ಹರಕೆ ಹೊತ್ತರು, ಕಂಡಕಂಡವರು ಹೇಳಿದ ಬೇರು ಅರೆದು ಕುಡಿಸಿದರು. ಆಸ್ಪತ್ರೆ ಇರುವುದು ಹೆರಿಗೆಗೆ ಮಾತ್ರ ಎಂದು ಮನೆಯವರ ಲೆಕ್ಕ. ಊರ ಬಾಯಿಗೆ ಬೀಗ ಹಾಕುವವರ್ಯಾರು? ತೊಟ್ಟಿಲ ಶಾಸ್ತ್ರಕ್ಕೆ ಅವಳನ್ನು ಕರೆಯುವುದನ್ನೇ ಬಿಟ್ಟರು. ಕೊನೆಗೆ ಗಂಡ ಲಿಂಗರಾಜ್ ಕಂಪ್ಲಿಯಿಂದ ಇನ್ನೊಬ್ಬಳನ್ನು ತಂದ. ಅವಳಿಗೆ ವರ್ಷದೊಳಗೆ ಮಗನಾದ. ಆ ಮಗುವಿಗೆ ಎಣ್ಣೆ ತಿಕ್ಕಿ ನೀರೆರೆದವಳು ಹೇಮಾವತಿಯೇ.

ಹೊಟ್ಟೆನೋವು ತಡೆಯಲಾರದೆ ಈಚೆಗೆ ಅತ್ತೆಯೊಂದಿಗೆ ಬೇರೊಂದು ದವಾಖಾನೆಗೆ ಹೋದಳು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ, “ಒಳಗ ಕಾಪರ್-ಟಿ ಐತಲ್ಲಮ್ಮ, ಯಾವಾಗ ಹಾಕಿಸ್ಕೊಂಡ್ರಿ?” ಎಂದರು.

ಹಾಗೆಂದರೇನೆಂದೇ ಹೇಮಾವತಿಗೆ ತಿಳಿಯಲಿಲ್ಲ. ಬಸಿರಾಗದಂತೆ ಗರ್ಭಕೋಶದಲ್ಲಿ ಇಡುವ ಸಾಧನ, ಹೆರಿಗೆಯಾದ ಕೂಡಲೇ ಇಟ್ಟಿರಬೇಕು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿಯ ಪೂಜಾರಿ ಅವಳಿಗೆ ಒಂದು ಮಾತೂ ಹೇಳದೆ ಗುಡಿಯ ಬಾಗಿಲನ್ನೇ ಹಾಕಿಕೊಂಡು ಹೋಗಿದ್ದ.

ಎರ್ರೆಮ್ಮ ಸೊಸೆಯ ಕಡೆ ತಿರುಗಿದಳು. “ಅವತ್ತು ನರ್ಸಮ್ಮ ಹೊರಗ ಬಂದು, ಎರಡನೇದಕ್ಕ ಅಂತರ ಇರ್ಲಿ, ಒಂದು ಹಾಕ್ತೀವಿ ಅಂದ್ಲು. ಇಂಜೆಕ್ಷನ್ ಇರಬೇಕು, ಸ್ವಲ್ಪ ದಿನಕ್ಕ ಇಳಿದು ಹೋಗ್ತೈತಿ ಅನ್ಕೊಂಡೆ. ಅಂಥೋರು ಕೇಳಿದ್ರ ಬ್ಯಾಡ ಅನ್ನಾಕ ಆಗ್ತೈತೇನವ್ವ? ಹ್ಞೂ ಅಂದೆ.”

“ನಾನು ಅಲ್ಲೇ ಒಳಗ ಮಲಗಿದ್ನಲ್ಲ ಅತ್ತೆ, ಎಚ್ಚರಾಗೇ ಇದ್ದೆ. ನನ್ನ ಯಾಕ ಕೇಳ್ಲಿಲ್ಲ?”

ಇಷ್ಟು ವರ್ಷ ಬೈದ ಮುದುಕಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಹೇಮಾವತಿಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನಿಸಿತು. ತನ್ನ ಬಾಳು ಒಬ್ಬರ ಅವಸರಕ್ಕೂ ಇನ್ನೊಬ್ಬರ ಅಂಜಿಕೆಗೂ ಹಾಳಾಯಿತಲ್ಲ ಎಂದು ಎದೆ ಉರಿಯಿತು.

ಡಾಕ್ಟರಮ್ಮ ಅಭ್ಯಾಸಬಲದಿಂದ ಎರ್ರೆಮ್ಮನ ಕಡೆಗೇ ತಿರುಗಿದರು. “ತೆಗೆದುಬಿಡ್ಲೇನಮ್ಮ? ಇನ್ನೂ ಮಕ್ಕಳಾಗಬಹುದು.”

“ನನ್ನ ಕೇಳ್ರಿ,” ಎಂದಳು ಹೇಮಾವತಿ. “ತೆಗೀರಿ. ಮಕ್ಕಳಿಗಂತ ಅಲ್ಲ, ಗಂಡ ಈಗ ನನ್ನ ಕೋಣಿಗೆ ಬರಂಗಿಲ್ಲ. ಅದನ್ನ ಇಡ್ರಿ ಅಂತ ನಾನು ಹೇಳಿರ್ಲಿಲ್ಲ, ಅದಕ್ಕ ತೆಗೀರಿ.”