ಮೌಲಾಸಾಬರ ವಾಲ್ವ್ ಸೆಟ್

1996ರಲ್ಲಿ ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನನ್ನದೊಂದು ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಅಂಗಡಿ ಇತ್ತು. ಆ ಹೊತ್ತಿಗೆ ಎಲ್ಲರೂ ಟ್ರಾನ್ಸಿಸ್ಟರ್ ಸೆಟ್ಟಿಗೆ ಹೊರಳಿದ್ದರು. ಗಾಜಿನ ವಾಲ್ವ್ ಇರುವ ಸೆಟ್ಟು ವರ್ಷಕ್ಕೆ ನಾಲ್ಕೋ ಐದೋ ಬಂದರೆ ಹೆಚ್ಚು. ಅವುಗಳಲ್ಲಿ ಒಂದು ಹಗರಿಬೊಮ್ಮನಹಳ್ಳಿಯ ಮೌಲಾಸಾಬರದು.

ಮೌಲಾಸಾಬ್ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು, ನನಗೆ ಕೆಲಸ ಕಲಿಸಿದ ಉಸ್ತಾದರು. ಮದುವೆಗೆ ಅವರೇ ಬೇಕೆಂದು ಜನ ಹಟ ಹಿಡಿಯುತ್ತಿದ್ದುದು ಅವರ ಕಿವಿಯ ಸಲುವಾಗಿ. ಎಷ್ಟೇ ಗದ್ದಲವಿರಲಿ, ನಾಲ್ಕು ಹಾರ್ನ್ ಸ್ಪೀಕರುಗಳಲ್ಲಿ ಒಂದು ಗೊರಗುಟ್ಟಿದರೂ ಅವರಿಗೆ ಗೊತ್ತಾಗುತ್ತಿತ್ತು. ಕಲಿಯುವಾಗ ನಾನು ಮೊದಲೇ ಮೀಟರಿಗೆ ಕೈ ಹಾಕಿದರೆ ಕೈಮೇಲೆ ಏಟು ಬೀಳುತ್ತಿತ್ತು. ಮೊದಲು ಕೇಳು, ಆಮೇಲೆ ಅಳೆ ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಅವರು ಸೆಟ್ಟನ್ನು ಹೊತ್ತುಕೊಂಡು ಬಸ್ಸಿನಲ್ಲಿ ಬಂದರು. ಶಹನಾಯಿ ಮಂಕಾಗಿದೆ, ತಾಳದ ಝಣಝಣ ಸತ್ತೇ ಹೋಗಿದೆ ಎಂಬುದು ಅವರ ದೂರು. ಹನ್ನೆರಡು ದಿನಕ್ಕೆ ಹರಪನಹಳ್ಳಿಯ ಒಂದು ದೊಡ್ಡ ಮನೆಯ ಮದುವೆ. ಆ ಮನೆಯ ಹುಡುಗರು ದಾವಣಗೆರೆಯಿಂದ ಹೊಸ ಸೆಟ್ ತರಿಸುತ್ತೇವೆ ಎಂದಿದ್ದರಂತೆ, ಯಜಮಾನರು ಮಾತ್ರ ಮೌಲಾಸಾಬೇ ಆಗಬೇಕು ಎಂದಿದ್ದರಂತೆ. ಇದೊಂದು ಕೆಟ್ಟರೆ ಇನ್ನು ಯಾರೂ ಕರೆಯುವುದಿಲ್ಲ ಎಂದು ಅವರೇ ಬಾಯಿಬಿಟ್ಟು ಹೇಳಿದರು.

ಅವರ ಸೆಟ್ಟಿನ ಕೊನೆಯ ಹಂತದಲ್ಲಿ ಎರಡು ಇಎಲ್-34 ವಾಲ್ವ್‌ಗಳಿದ್ದವು. ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುಡ್ಡಿ. ಒಳಗಿನ ತಂತಿ ಕಾದರೆ ಎಲೆಕ್ಟ್ರಾನ್ ಹರಿದು, ಸಣ್ಣ ದನಿ ದೊಡ್ಡದಾಗುತ್ತದೆ. ನನ್ನ ಟೆಸ್ಟರಿನಲ್ಲಿ ಒಂದು ನೂರಕ್ಕೆ ಎಂಬತ್ತು ತೋರಿಸಿತು, ಇನ್ನೊಂದು ಎಪ್ಪತ್ತೆಂಟು. ಅರವತ್ತಕ್ಕಿಂತ ಇಳಿದರಷ್ಟೇ ಬದಲಿಸುವುದು. ಚೆನ್ನಾಗಿವೆ ಎಂದೆ.

“ಮೀಟರಿಗೆ ಕಿವಿ ಅದಾವೇನಲೇ ಕೊಟ್ರೇಶಿ?” ಎಂದರು.

ಭಜನೆಯ ಕ್ಯಾಸೆಟ್ ಹಾಕಿ ಕೇಳಿದೆ. ನನ್ನ ಕಿವಿಗೆ ತಾಳ ಸ್ಪಷ್ಟವಾಗಿಯೇ ಕೇಳಿಸಿತು. ಆದರೆ ಉಸ್ತಾದರ ಕಿವಿಯ ಮುಂದೆ ನನ್ನದು ಯಾವ ಲೆಕ್ಕ? ನನ್ನ ಮೇಲೆಯೇ ಅನುಮಾನಪಟ್ಟುಕೊಂಡೆ.

ಟೆಸ್ಟರ್ ಕಟ್ಟಿಕೊಂಡು ಹುಬ್ಬಳ್ಳಿಗೆ ಹೋದೆ. ಹಳೆ ರೇಡಿಯೋ ಸಾಮಾನು ಮಾರುವವರ ಹತ್ತಿರ ಆರು ವಾಲ್ವ್ ಸಿಕ್ಕವು. ಒಂದರ ಗಾಜು ತುದಿಯಲ್ಲಿ ಬೆಳ್ಳಗಾಗಿತ್ತು, ಅಂದರೆ ಒಳಗೆ ಗಾಳಿ ಹೊಕ್ಕಿದೆ. ಇನ್ನೊಂದನ್ನು ಅಲ್ಲಿನ ಸೆಟ್ಟೊಂದಕ್ಕೆ ಹಾಕಿ ಪೆನ್ಸಿಲಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಗುಂಯ್‌ಗುಡುತ್ತಿತ್ತು. ಅವೆರಡನ್ನು ಬಿಟ್ಟು, ಉಳಿದವನ್ನು ಅಳತೆ ಹೊಂದುವಂತೆ ಎರಡು ಜೋಡಿ ಮಾಡಿಕೊಂಡು ಬಂದೆ.

ಮೊದಲ ಜೋಡಿ ಹಾಕಿದಾಗ ಮೌಲಾಸಾಬ್ ಕಣ್ಣು ಮುಚ್ಚಿ ಕೇಳಿ ತಲೆಯಾಡಿಸಿಬಿಟ್ಟರು. ಎರಡನೆಯದಕ್ಕೆ ಸ್ವಲ್ಪ ಚಲೋ ಐತಿ ಎಂದರು. ಹಾಗೆನ್ನುವಾಗ ಅವರು ಕೇಳುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿತ್ತು. ತೆಗೆದ ವಾಲ್ವನ್ನು ಮಾಲೀಕನ ಎದುರೇ ಒಡೆಯಬೇಕು, ಇಲ್ಲದಿದ್ದರೆ ಯಾರಾದರೂ ಅದರ ಪಿನ್ನು ಉಜ್ಜಿ ಹೊಸದೆಂದು ಮಾರುತ್ತಾರೆ. ಹಳೆ ಜೋಡಿ ಒಡೆಯಲು ಹೇಳಿದರು. ಸುತ್ತಿಗೆ ಕೈಗೆತ್ತಿಕೊಂಡಾಗ ನನಗೆ ಹೊಳೆಯಿತು. ವಾಲ್ವ್ ಸೋತರೆ ದನಿಯೆಲ್ಲ ಕುಗ್ಗುತ್ತದೆ, ತಾಳವೊಂದನ್ನೇ ಆರಿಸಿ ಅಡಗಿಸುವುದಿಲ್ಲ. ಇದನ್ನು ನನಗೆ ಕಲಿಸಿದವರೂ ಅವರೇ. ಸೋತದ್ದು ವಾಲ್ವ್ ಅಲ್ಲ, ಕಿವಿ; ವಯಸ್ಸಾದಂತೆ ಕೀರಲು ದನಿಯೇ ಮೊದಲು ಕೇಳದಾಗುತ್ತದೆ. ಆದರೆ ಉಸ್ತಾದರಿಗೆ ಆ ಮಾತು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಗೋಣಿತಾಟಿನಲ್ಲಿ ಸುತ್ತಿ, ಚೆನ್ನಾಗಿದ್ದ ಎರಡನ್ನೂ ಒಡೆದುಹಾಕಿದೆ.

ಮದುವೆಗೆ ನಾನೂ ಜೊತೆಗೆ ಹೋದೆ. ಏನಾದರೂ ಆದರೆ ಸಂಭಾಳಿಸೋಣ ಎಂಬ ಧೈರ್ಯ. ಬೆಳಿಗ್ಗೆ ಮುಹೂರ್ತದ ಹೊತ್ತಿಗೆ ಅಯ್ಯನವರು ಮೈಕಿನ ಮುಂದೆ ಮಂತ್ರ ಶುರು ಮಾಡಿದರು. ದನಿ ಮಂಕೆನಿಸಿ ಮೌಲಾಸಾಬ್ ಕೀರಲು ದನಿ ಏರಿಸುವ ಟ್ರೆಬಲ್ ಗುಂಡಿಯನ್ನು ಪೂರ್ತಿ ತಿರುಗಿಸಿದರು. ಹಾರ್ನಿನ ದನಿ ಮತ್ತೆ ಮೈಕಿಗೆ ಹೊಕ್ಕು ಸೂಜಿಯಂಥ ಕೂಗು ಎದ್ದಿತು. ಕೂಸುಗಳು ಚೀರಿದವು. ಮದುಮಗಳು ಎರಡೂ ಕಿವಿ ಮುಚ್ಚಿಕೊಂಡಳು. ಅಯ್ಯನವರ ಮಂತ್ರ ನಿಂತಿತು. ಮೌಲಾಸಾಬ್ ಗುಂಡಿಯ ಮೇಲೆ ಕೈಯಿಟ್ಟು ಶಾಂತವಾಗಿ ನಿಂತೇ ಇದ್ದರು. ಜನರ ಮುಖಗಳನ್ನು ಒಂದೊಂದಾಗಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಹಾರ್ನುಗಳ ಕಡೆ ನಿಂತಿದ್ದವನು ಓಡಿ ಬಂದು ಗುಂಡಿ ಇಳಿಸಿದೆ.

ಊಟದ ಹೊತ್ತಿನಲ್ಲಿ ಚಪ್ಪರದ ಹಿಂದೆ ನಾವಿಬ್ಬರೇ ಇದ್ದೆವು.

“ಕೂಗು ಎದ್ದಿತ್ತೇನು?” ಎಂದರು.

“ಹೌದ್ರಿ ಉಸ್ತಾದ್.”

“ಹಂಗಾರ ಈ ವಾಲ್ವ್ ಚಲೋ ಅದಾವ. ಹಳೇವು?”

“ಅವೂ ಚಲೋನ ಇದ್ವುರಿ.”

ನನ್ನ ಕಡೆ ತಿರುಗಿ ಹೇಳಿದರು: “ನಿನಗ ಗೊತ್ತಿತ್ತು. ಹೇಳಿದ್ರ ನಾನ ಮನ್ಯಾಗ ಕುಂದರ್ತಿದ್ದೆ. ನಾಕು ಮಂದ್ಯಾಗ ನಿಂದ್ರಿಸಿದಿಯಲ್ಲೋ.”

ಅವರ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ, ಕಾಯ್ದದ್ದು ನನ್ನ ಅಳುಕನ್ನು. ಅದಾದ ಮೇಲೆ ಮೀಟರ್ ತೋರಿಸಿದ್ದನ್ನು ಆಗಲೇ, ಎದುರಿಗಿರುವವರು ಯಾರೇ ಇರಲಿ, ಹೇಳಿಬಿಡುವುದನ್ನು ರೂಢಿಸಿಕೊಂಡೆ. ಕೆಲವರು ಬೈದು ಹೋಗಿದ್ದಾರೆ, ಕೆಲವರು ತಿರುಗಿ ಬಂದಿದ್ದಾರೆ. ಮೌಲಾಸಾಬ್ ಮಾತ್ರ ನನ್ನ ಅಂಗಡಿ ಮೆಟ್ಟಿಲು ಮತ್ತೆ ಹತ್ತಲಿಲ್ಲ.