ಶಂಕ್ರೆವ್ವ ಸೊಲ್ಲು ಕೊಟ್ಟ ಸಂಜೆ

ಹರ್ತಿಯ ಹತ್ತಿ ಹೊಲಗಳಲ್ಲಿ ಶಂಕ್ರೆವ್ವ ಇದ್ದಳೆಂದರೆ ಬೇರೆ ಯಾರೂ ಪದ ಎತ್ತುತ್ತಿರಲಿಲ್ಲ. ಕೋಟುಮಚಗಿಯ ತವರಿನಿಂದ ಅವಳು ತಂದ ಬಂಗಾರ ಅಷ್ಟಕ್ಕಷ್ಟೇ. ಪದಗಳನ್ನು ಮಾತ್ರ ಉಡಿತುಂಬ ತಂದಿದ್ದಳು. ಹತ್ತಿ ಬಿಡಿಸುವಾಗ ಒಬ್ಬಳು ಪದ ಎತ್ತಬೇಕು, ಇನ್ನೊಬ್ಬಳು ಮರುಸಾಲು ಹಾಡಿ ಸೊಲ್ಲು ಕೊಡಬೇಕು, ಅದು ಅಲ್ಲಿಯ ರೀತಿ. ಎತ್ತುವವಳು ಶಂಕ್ರೆವ್ವ. ಸೊಲ್ಲು ಕೊಡುವವಳು ಊರ ಹೊರಗಿನ ಕೇರಿಯ ಹನಮವ್ವ. ಮುಟ್ಟಿಸಿಕೊಳ್ಳಬಾರದೆಂದು ಹನಮವ್ವನಿಗೆ ಹೊಲದ ಆಚೆ ತುದಿಯ ಸಾಲು. ದನಿಗೆ ಮಾತ್ರ ಯಾರೂ ಅಡ್ಡ ಬಂದಿರಲಿಲ್ಲ.

ಕನ್ನಡ ನಾಡು ಒಂದಾದ ಮರುವರ್ಷ ಹತ್ತಿಯ ಸುಗ್ಗಿಯಲ್ಲಿ ಧಾರವಾಡದ ರೇಡಿಯೋದವರ ಜೀಪು ಹೊಲದ ಬದುವಿಗೆ ಬಂದು ನಿಂತಿತು. ಹಳ್ಳಿಯ ಪದ ಬೇಕು, ಎಲ್ಲ ಕೇರಿಯವರ ದನಿ ಬೇಕು ಎಂದು ಇಬ್ಬರನ್ನೂ ಧಾರವಾಡಕ್ಕೆ ಕರೆದರು. ಶಂಕ್ರೆವ್ವ ಹಿಗ್ಗಿನಿಂದ ಮನೆಗೆ ಬಂದು ಗಂಡ ಅಂದಾನಪ್ಪನಿಗೆ ಹೇಳಿದಳು.

"ಪರಗಂಡಸರ ಮುಂದ ಕುಂತು ಹಾಡಾಕ ನೀ ಏನ್ ನಾಟಕದಾಕಿ ಏನ್?" ಎಂದ ಅವನು ರೊಟ್ಟಿ ಮುರಿಯುತ್ತ. "ಅದೂ ಆ ಕೇರಿಯಾಕಿ ಜೋಡಿ."

ಮಾತು ಅಲ್ಲಿಗೇ ಮುಗಿಯಿತು. ಹನಮವ್ವ ಗಂಡನ ಜೊತೆ ಬಸ್ಸು ಹತ್ತಿ ಹೋಗಿ ಒಬ್ಬಳೇ ಹಾಡಿ ಬಂದಳು.

ಅಂದಿನಿಂದ ಶಂಕ್ರೆವ್ವನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಹನಮವ್ವ ಯಾವ ಸೀರೆ ಉಟ್ಟಿದ್ದಳು, ಅವಳನ್ನು ಎಲ್ಲಿ ಕೂಡಿಸಿದರು ಎಂದು ಕಂಡವರನ್ನೆಲ್ಲ ಕೇಳುವಳು. ಹೇಳಿದರೆ ಮುಖ ತಿರುವುವಳು. ಚಹಾಕ್ಕೆ ಬೇರೆ ಕಪ್ಪು ಇಟ್ಟಿರಲಿಲ್ಲವಂತೆ, ಕುರ್ಚಿಯ ಮೇಲೆ ಎಲ್ಲರ ಜೊತೆ ಕುಡಿದಳಂತೆ ಎಂಬ ಸುದ್ದಿ ತಂದವಳು ನೆರೆಮನೆಯ ರಸೂಲಬಿ.

"ಪದ ನಂದು, ನಮ್ಮವ್ವಂದು. ಆಕಿ ಬರೇ ಸೊಲ್ಲಿನಾಕಿ," ಎಂದಳು ಶಂಕ್ರೆವ್ವ.

"ನಿಮ್ಮನ್ಯಾಗ ಈಗ ಒಲಿಗೆ ಕಟಗಿ ಬ್ಯಾಡ ಬಿಡವಾ," ಎಂದು ರಸೂಲಬಿ ನಕ್ಕಳು. "ನೀನ ಉರ್ಯಾಕ ಹತ್ತೀದಿ."

ಪದ ಬರುವ ಸಂಜೆ ಊರೆಲ್ಲ ಚಾವಡಿಯ ಸರಕಾರಿ ರೇಡಿಯೋದ ಮುಂದೆ ಸೇರಿತು. ಗಂಡಸರು ಒಳಗೆ, ಹೆಂಗಸರು ಎದುರಿನ ರಸೂಲಬಿಯ ಕಟ್ಟೆಯ ಮೇಲೆ. ಕೇರಿಯವರು ದೂರದ ಬೇವಿನ ಮರದ ಕೆಳಗೆ, ಹನಮವ್ವನೂ ಅಲ್ಲೇ. ಅಸ್ಪೃಶ್ಯತೆ ಈಗ ಅಪರಾಧ, ಬಾವಿ ಗುಡಿ ಚಾವಡಿ ಎಲ್ಲರವೂ ಎಂದು ರೇಡಿಯೋದ ಯಾರೋ ಬಹಳ ಹೊತ್ತು ಹೇಳಿದರು. ಚಾವಡಿಯ ರೇಡಿಯೋ ಹಚ್ಚುವ ಗವಿಸಿದ್ದಪ್ಪ ಆಕಳಿಸಿದ. ಆಮೇಲೆ ಆ ದನಿ ಬಂತು.

"ಕರಿಯ ಹೊಲದಾಗ ಬಿಳಿ ಹತ್ತಿ ಒಡದೈತಿ, ಯಾರ ಉಡಿ ತುಂಬಿ ಬರತೈತಿ..."

ಚಾವಡಿಯ ಮೆಟ್ಟಿಲು ಹತ್ತದವಳ ದನಿ ಚಾವಡಿಯ ಮೇಜಿನ ಮೇಲೆ ಕುಳಿತಿತ್ತು. ಥಟ್ಟನೆ ನಿಂತಿತು.

"ಬ್ಯಾಟ್ರಿ ಹೋತೇನ?" ಎಂದು ಗವಿಸಿದ್ದಪ್ಪ ಡಬ್ಬಿಯ ತಲೆಗೆ ಬಡಿದ. ಮತ್ತೆ ಅದೇ ಸಾಲು ಬಂತು, ಮತ್ತೆ ಸುಮ್ಮನಾಯಿತು. ಗಂಡಸರು ನಗತೊಡಗಿದರು.

ಶಂಕ್ರೆವ್ವನಿಗೆ ಮಾತ್ರ ತಿಳಿಯಿತು. ಎದುರಿಗೆ ಯಾರೂ ಇಲ್ಲದಿದ್ದರೂ ಹನಮವ್ವ ಹೊಲದ ರೂಢಿಯಂತೆ ಸೊಲ್ಲಿಗೆ ಜಾಗ ಬಿಟ್ಟು ಹಾಡಿದ್ದಳು. ಹಾಳಾಗಲಿ, ಊರ ಮುಂದೆ ನಗೆಗೀಡಾಗಲಿ ಎಂದು ಶಂಕ್ರೆವ್ವ ಹಲ್ಲು ಕಚ್ಚಿ ಕುಳಿತಳು. ಆದರೆ ಸಾಲು ಮತ್ತೆ ಬಂದಾಗ ಬೇವಿನ ಕೆಳಗೆ ಹನಮವ್ವ ತಾನೇ ಸೊಲ್ಲು ಕೊಡಲು ಬಾಯಿ ತೆರೆಯುವುದು ಕಂಡಿತು. ಎತ್ತುವುದೂ ಅವಳೇ, ಸೊಲ್ಲೂ ಅವಳದೇ? ಶಂಕ್ರೆವ್ವ ದಿಗ್ಗನೆ ಎದ್ದು ನಿಂತಳು.

"ಬಗ್ಗಿ ಬಿಡಿಸಿದಾಕಿ ಉಡಿ ತುಂಬಿ ಬರತೈತಿ..."

ಚಾವಡಿಯ ರುಮಾಲುಗಳೆಲ್ಲ ಈ ಕಡೆ ತಿರುಗಿದವು. ಅಂದಾನಪ್ಪ ನೆಲ ನೋಡಿದ. ಪದ ಮುಗಿಯುವವರೆಗೂ ರೇಡಿಯೋ ಎತ್ತಿತು, ಶಂಕ್ರೆವ್ವ ಸೊಲ್ಲು ಕೊಟ್ಟಳು.

ಮರುದಿನ ಹೊಲದಲ್ಲಿ ಹನಮವ್ವ ಎಂದಿನಂತೆ ಆಚೆ ತುದಿಗೆ ನಡೆದಿದ್ದಳು.

"ಹನಮವ್ವ, ಇಲ್ಲಿ ಬಾ. ನನ್ನ ಮಗ್ಗಲ ಸಾಲು ಹಿಡಿ."

"ಮಂದಿ ಏನಂತಾರ್ರಿ, ಎವ್ವಾ?"

"ಮಂದಿ ಹತ್ತಿ ಬಿಡಸಲಿ. ಅಷ್ಟು ದೂರ ನಿಂತು ನನ್ನ ಪದ ಏನೇನ್ ಕದೀತಿಯೋ, ನನಗ ತಿಳೀವಲ್ದು."

ಪಕ್ಕದ ಸಾಲಿನ ಗದಿಗೆವ್ವ ಗೊಣಗುತ್ತ ಸರಿದಳು. ಹನಮವ್ವ ಬಂದು ಉಡಿ ಕಟ್ಟಿಕೊಂಡಳು.

"ಇವತ್ತ ಯಾರು ಎತ್ತೂದ್ರಿ?"

ಹನಮವ್ವ ಮತ್ತೆ ಬಾಯಿ ತೆರೆಯುವ ಮೊದಲೇ ಶಂಕ್ರೆವ್ವ ಪದ ಎತ್ತಿಬಿಟ್ಟಳು.