ಎಡಗಡೆಯ ಸ್ಟೇರಿಂಗ್

ಗಾಡಿಯ ಬಣ್ಣ ಹಸಿರು. ಅಷ್ಟು ಬರೆದು ನಿಲ್ಲಿಸಿದ್ದೇನೆ. ಅಣ್ಣ ಇದ್ದಿದ್ದರೆ "ಹಸಿರು ಎಂತದ್ದು, ಕೆಸರಿನ ಬಣ್ಣ" ಎನ್ನುತ್ತಿದ್ದ. ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಡಿಸ್ಪೋಸಲ್ ಗಾಡಿಗಳಲ್ಲಿ ಅದೂ ಒಂದು. ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ಸಾಮಾನು ಹೇರುವ ತೆರೆದ ಪೆಟ್ಟಿಗೆ, ಬೇಕೆಂದರೆ ನಾಲ್ಕು ಚಕ್ರಕ್ಕೂ ಇಂಜಿನಿನ ಬಲ. ಎಷ್ಟೋ ಕೈ ದಾಟಿ ಬಿಜೈಯ ಒಂದು ಗ್ಯಾರೇಜಿನ ಹಿತ್ತಲಿಗೆ ಬಂದು ನಿಂತಿತ್ತು. ಉಗುರಿನಿಂದ ಕೆರೆದರೆ ಹಸಿರಿನ ಕೆಳಗೆ ಮರಳಿನ ಬಣ್ಣ, ಅದರ ಕೆಳಗೆ ಮತ್ತೆ ಹಸಿರು. ಇದು ಯಾವ ಯಾವ ದೇಶ ನೋಡಿರಬಹುದು ಎಂದು ಕುತೂಹಲದಿಂದ ಕೆರೆಯುತ್ತಾ ಹೋಗುತ್ತಿದ್ದೆ. ಈಗ ನನಗೆ ನೆನಪಿರುವುದು ಎಷ್ಟನೆಯ ಪದರದ ಹಸಿರು ಎಂದು ಹೇಳಲಾರೆ.

ಪಣಂಬೂರಿನಲ್ಲಿ ಹೊಸ ಬಂದರು ಇನ್ನೂ ಇಲ್ಲದ ಕಾಲ. ನಾನು ಹುಡುಗಿಯರ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಅಣ್ಣ ಯುದ್ಧದಲ್ಲಿ ಇಂಥದೇ ಗಾಡಿ ಓಡಿಸಿದವ. ಬರುವಾಗ ಎಡ ಮೊಣಕಾಲು ಪೂರ್ತಿ ಮಡಚದ ಹಾಗೆ ಮಾಡಿಕೊಂಡು ಬಂದಿದ್ದ. ಕ್ಲಚ್ಚು ಒತ್ತಲು ಅದರಿಂದ ಅಡ್ಡಿಯಿರಲಿಲ್ಲ, ನಡೆಯುವಾಗ ಮಾತ್ರ ಓಲಾಡುತ್ತಿದ್ದ. ಕೆಲಸ ಕೇಳಲು ಹೋದರೆ ಬಸ್ಸಿನ ಧಣಿಗಳು ಅವನು ಬಾಗಿಲಿನಿಂದ ಮೇಜಿನವರೆಗೆ ನಡೆದು ಬರುವುದನ್ನು ನೋಡಿಯೇ "ಆಯಿತು, ಹೇಳಿ ಕಳಿಸ್ತೇವೆ" ಅನ್ನುತ್ತಿದ್ದರು. ಯಾರೂ ಹೇಳಿ ಕಳಿಸಲಿಲ್ಲ. ಮನೆಯಲ್ಲಿ ಊಟದ ಮೇಜಿನಡಿ ಅವನ ಕಾಲು ತನ್ನಷ್ಟಕ್ಕೇ ಕ್ಲಚ್ಚು ಒತ್ತುತ್ತಿತ್ತು. ಅಮ್ಮ ಅನ್ನ ಬಡಿಸುತ್ತಾ "ಎಲ್ಲಿಗೆ ಮುಟ್ಟಿದಿ?" ಎಂದು ಕೇಳುತ್ತಿದ್ದರು.

ಗಾಡಿಯನ್ನು ಕೊಂಡವರು ಕುದ್ರೋಳಿಯ ಒಬ್ಬ ಬ್ಯಾರಿ ಮುಸ್ಲಿಂ ಸಾಹುಕಾರರು. ಮೀನಿನ ವ್ಯಾಪಾರ, ಅಪ್ಪನ ಕಾಲದಿಂದಲೂ ನಮ್ಮ ಪರಿಚಯ. ರಂಪಣಿ ಬಲೆಯನ್ನು ಊರಿಗೆ ಊರೇ ನಿಂತು ದಡಕ್ಕೆ ಎಳೆಯುತ್ತದೆ. ಆದರೆ ಬಲೆ ಬಂದು ಬಿದ್ದಲ್ಲಿಂದ ರಸ್ತೆಯವರೆಗೆ ಮೀನು ಮರಳಿನ ಮೇಲೆ ತಲೆಹೊರೆಯಲ್ಲೇ ಬರಬೇಕು. ಅಷ್ಟರಲ್ಲಿ ಬಿಸಿಲು ಏರಿರುತ್ತದೆ. ಯಾವ ಲಾರಿಯೂ ಆ ಮರಳಿಗೆ ಇಳಿಯುತ್ತಿರಲಿಲ್ಲ.

"ಪೊರ್ಬುಗಳೇ," ಎಂದರು ಸಾಹುಕಾರರು ಅಣ್ಣನಿಗೆ. ನಮ್ಮ ಕಡೆಯ ಕ್ರಿಶ್ಚಿಯನ್ ಗಂಡಸರನ್ನು ಎಲ್ಲರೂ ಕರೆಯುವುದು ಹಾಗೆಯೇ, ಹೆಂಗಸರನ್ನು ಬಾಯಮ್ಮ ಎಂದು. "ರಂಪಣಿ ಶುರುವಾಗುವಾಗ ಗಾಡಿ ಬಲೆಯ ಬುಡಕ್ಕೆ ಬರ್ಬೇಕು. ಬಂದ್ರೆ ಡ್ರೈವರ್ ನೀವೇ, ಬೇರೆ ಮಾತಿಲ್ಲ. ಬಾರದಿದ್ರೆ ಗಾಡಿ ಗುಜರಿಗೆ. ಆಮೇಲೆ ನನ್ನನ್ನು ಬಯ್ಬೇಡಿ."

"ಬಯ್ಯುವುದನ್ನು ಈಗಲೇ ಮುಗಿಸ್ಲಾ?" ಎಂದ ಅಣ್ಣ.

ಇಲ್ಲಿ ಮಳೆ ಹೊಯ್ಯುತ್ತಿತ್ತು ಎಂದು ಬರೆಯಲು ಕೈ ತುರಿಸುತ್ತದೆ. ರಿಪೇರಿ ನಡೆದದ್ದು ಮಳೆಗಾಲದಲ್ಲೇ ಹೌದು. ಆದರೆ ನನ್ನ ತಲೆಯಲ್ಲಿ ಉಳಿದಿರುವ ಆ ಹಿತ್ತಲು ಯಾವಾಗಲೂ ಒಣಗಿಯೇ ಇದೆ. ಗಾಡಿಯ ಅಡಿಯಿಂದ ಹೊರಬಂದಿರುವ ಕಾಲುಗಳೂ ಒಣಗಿವೆ. ಒಂದು ಜೊತೆ ಅಣ್ಣನದು, ಇನ್ನೊಂದು ಗ್ಯಾರೇಜಿನ ಮೇಸ್ತ್ರಿಯದು. ಮೇಸ್ತ್ರಿ ತುಳುವರು. ಎಂಥ ಕೆಟ್ಟ ಗಾಡಿಯನ್ನೂ ಮೊದಲು ಸ್ವಲ್ಪ ಹೊಗಳಿಯೇ ಬಿಚ್ಚುತ್ತಿದ್ದರು.

ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದೆ. ಅಣ್ಣನಿಗೆ ಚಹಾ ಕೊಡಲು ಎಂದು ಅಮ್ಮನಿಗೆ ಹೇಳುತ್ತಿದ್ದೆ. ನಿಜವಾಗಿ, ಬಿಚ್ಚಿದ್ದನ್ನು ನೋಡಲು. ಕಾರ್ಬೊರೇಟರಿನೊಳಗೆ ಕಣಜದ ಮಣ್ಣಿನ ಗೂಡು. ಚಾಸಿಯ ಕಬ್ಬಿಣದ ಸಂದಿಯಲ್ಲಿ ಒಂದು ಏಡಿಯ ಚಿಪ್ಪು, ಅಂಚಿನಲ್ಲಿ ನೇರಳೆ ಗೀಟು. ನಮ್ಮ ಕಡಲಿನಲ್ಲಿ ನಾನು ಅಂಥ ಏಡಿ ನೋಡಿರಲಿಲ್ಲ. ಅದನ್ನು ಶಾಲೆಗೆ ಒಯ್ದು ಭೂಪಟದ ಕೆಳಗೆ ಇಟ್ಟಿದ್ದೆ. ಹಿಂದಿನ ಪೆಟ್ಟಿಗೆಯ ತಳ ತುಕ್ಕು ಹಿಡಿದು ಉದುರಿತ್ತು. ಬಂದರಿನಲ್ಲಿ ಒಡೆದು ಹಾಕಿದ್ದ ಒಂದು ಮಂಜಿಯ, ಎಂದರೆ ಸರಕಿನ ಹಾಯಿಹಡಗಿನ, ಹಲಗೆಗಳನ್ನು ತಂದು ಬಡಿದರು. ಅಂದಿನಿಂದ ಗಾಡಿಗೆ ಹಳೇ ಹಡಗಿನ ಮೀನೆಣ್ಣೆಯ ವಾಸನೆ. ಇನ್ನೂ ಒಂದು ಮೀನು ಹೇರಿರಲಿಲ್ಲ, ಆಗಲೇ ಬೆಕ್ಕುಗಳು ಬಂದು ಕೂತವು.

ಎಲ್ಲ ಸುಸೂತ್ರವಾಗಿತ್ತು, ಸ್ಟೇರಿಂಗ್ ಒಂದು ಬಿಟ್ಟು. ಅದು ಎಡಗಡೆ ಇತ್ತು.

"ಇರ್ಲಿ ಬಿಡಿ," ಎಂದರು ಮೇಸ್ತ್ರಿ. "ಪರದೇಶದ ಗಾಡಿ, ಅದರ ಅಭ್ಯಾಸ ಹಾಗೆ."

"ಆಗ್ಲಿಕ್ಕಿಲ್ಲ," ಎಂದ ಅಣ್ಣ. "ನಮ್ಮ ಊರಿನಲ್ಲಿ ಎಡಗಡೆ ಕೂರುವುದು ಯಾರು?"

ಎಡಗಡೆ ಕೂರುವುದು ಕ್ಲೀನರ್. ಬಸ್ಸುಗಳೆಲ್ಲ ನಿಲ್ಲುವ ಹಂಪನಕಟ್ಟೆಯಲ್ಲಿ ಬಸ್ಸಿನ ಧಣಿಗಳ ಎದುರು ತಾನು ಗಾಡಿ ಓಡಿಸಿಕೊಂಡು ಹೋಗುವ ದಿನವನ್ನು ಅಣ್ಣ ಮೇಜಿನಡಿಯ ಪ್ರಯಾಣಗಳಲ್ಲಿ ಎಷ್ಟೋ ಸಲ ನೋಡಿದ್ದ. ಅದರಲ್ಲಿ ಅವನು ಕೂತದ್ದು ಬಲಗಡೆ. ಹಾಗಾಗಿ ಸ್ಟೇರಿಂಗ್ ಬಲಕ್ಕೆ ಬಂತು.

ಬಂದದ್ದೇ ಇನ್ನೊಂದು ತಕರಾರು. ಎದುರಿನ ಆಕ್ಸೆಲಿನಲ್ಲಿ ಹಂಡೆಯಂಥ ಒಂದು ಉಬ್ಬು ಉಂಟು, ಎಲ್ಲರೂ ಅದನ್ನು ಗುಂಡು ಅನ್ನುತ್ತಿದ್ದರು. ಇಂಜಿನಿನಿಂದ ಬರುವ ಕಂಬಿ ಅದರೊಳಗೆ ಹೊಕ್ಕು ಎದುರಿನ ಎರಡೂ ಚಕ್ರಗಳನ್ನು ತಿರುಗಿಸುತ್ತದೆ. ಈಗ ಬಲಕ್ಕೆ ಬಂದ ಸ್ಟೇರಿಂಗಿನ ಸರಳು ಆ ಕಂಬಿಗೆ ಹೊಡೆಯತೊಡಗಿತು. ಕಂಬಿ ಗುಂಡಿನೊಳಗೆ ಹೊಗುತ್ತಿದ್ದದ್ದು ನಡುವಿಗಿಂತ ತುಸು ಕೆಳಗೆ. ನಡುವಿಗಿಂತ ತುಸು ಮೇಲೆ ಹೊಕ್ಕರೆ ಸರಳಿಗೆ ತಾಗುವುದಿಲ್ಲ. ಗುಂಡಿನೊಳಗಿನ ಭಾಗವನ್ನು ಹೊರತೆಗೆದು, ತಲೆಕೆಳಗು ಮಾಡಿ, ಮತ್ತೆ ಕೂರಿಸಿದರು. ಬೋಲ್ಟಿನ ತೂತುಗಳು ಸುತ್ತಲೂ ಒಂದೇ ಅಂತರದಲ್ಲಿದ್ದವು, ಮೇಲೆ ಯಾವುದು ಕೆಳಗೆ ಯಾವುದು ಎಂದು ಅವು ಕೇಳಲಿಲ್ಲ. ಸರಳು ಆರಾಮವಾಗಿ ದಾಟಿತು. ಮೇಸ್ತ್ರಿ ಒಂದು ಬೀಡಿ ಹಚ್ಚಿ ಅಣ್ಣನಿಗೂ ಕೊಟ್ಟರು. ಯಾರ ಉಪಾಯ ಅದು? ಅಂದು ಇಬ್ಬರೂ ತನ್ನದು ಅಂದರು. ಆಮೇಲೆ ಇಬ್ಬರೂ ಮತ್ತೊಬ್ಬರದು ಅಂದರು.

ಎದುರಿನ ಚಕ್ರ ತಿರುಗುತ್ತದೋ ನೋಡಬೇಕಲ್ಲ. ಗಾಡಿ ಓಡದಿರಲೆಂದು ಹಿಂದಿನ ಕಂಬಿ ಬಿಚ್ಚಿಟ್ಟು, ಎದುರಿನ ಭಾಗವನ್ನು ಮುರಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿದರು. ಅಣ್ಣ ಒಳಗೆ ಕೂತ. ಮೇಸ್ತ್ರಿ ಎಡ ಚಕ್ರದ ಬಳಿ, ನಾನು ಬಲ ಚಕ್ರದ ಬಳಿ ಕುಕ್ಕರಿಸಿದೆವು.

"ತಿರುಗ್ತದಾ?" ಅಣ್ಣ ಕಿರುಚಿದ.

"ತಿರುಗ್ತದೆ ಮಾರಾಯ್ರೆ!" ಮೇಸ್ತ್ರಿಯ ಸ್ವರ.

"ಇಲ್ಲಿಯೂ ತಿರುಗ್ತದೆ!" ನನ್ನದು.

ಯಾವ ಕಡೆಗೆ ಎಂದು ಯಾರೂ ಕೇಳಲಿಲ್ಲ. ಅದೇ ವಾರ ತರಗತಿಯಲ್ಲಿ ಗ್ಲೋಬು ಹಿಡಿದು, ಉತ್ತರ ಧ್ರುವದ ಮೇಲಿನಿಂದ ನೋಡಿದವನಿಗೆ ಭೂಮಿ ಒಂದು ಕಡೆಗೂ ದಕ್ಷಿಣದಿಂದ ನೋಡಿದವನಿಗೆ ಇನ್ನೊಂದು ಕಡೆಗೂ ತಿರುಗುವಂತೆ ಕಾಣುತ್ತದೆ ಎಂದು ನಾನು ಪಾಠ ಮಾಡಿದ್ದೆ. ಅದೇ ವಾರ ಎಂಬುದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ತೀರಾ ಹೊಂದಿಕೊಳ್ಳುತ್ತದೆ, ಅದಕ್ಕೇ ಅನುಮಾನ.

ಪಣಂಬೂರಿಗೆ ಹೋದದ್ದು ಒಂದು ಆದಿತ್ಯವಾರ, ಇಗರ್ಜಿಯಲ್ಲಿ ಬೆಳಗ್ಗಿನ ಪೂಜೆ ಮುಗಿಸಿ. ಡಾಮರಿನ ಮೇಲೆ ಹಿಂದಿನ ಎರಡು ಚಕ್ರದ ಬಲವೇ ಸಾಕು. ಕೊಟ್ಟಾರ ದಾಟಿ ಕೂಳೂರಿನವರೆಗೆ ಗಾಡಿ ಹಾಡುತ್ತಾ ಹೋಯಿತು. ಬಲಗಡೆ ಕೂತ ಅಣ್ಣ ಮೊಣಕೈಯನ್ನು ಹೊರಗಿಟ್ಟಿದ್ದ. ನಾನು ಅವನ ಎಡಕ್ಕೆ, ಮೇಸ್ತ್ರಿ ಹಿಂದಿನ ಪೆಟ್ಟಿಗೆಯಲ್ಲಿ. ಸಾಹುಕಾರರು ಬಲೆಯ ಹತ್ತಿರ ಕೊಡೆ ಬಿಡಿಸಿ ನಿಂತಿದ್ದರು. ಬಲೆ ಎಳೆಯುವವರೆಲ್ಲ ತಿರುಗಿ ನೋಡಿದರು.

ಮರಳಿಗೆ ಇಳಿದು ಸ್ವಲ್ಪ ದೂರ ಹೋಗುವಾಗ ಹಿಂದಿನ ಚಕ್ರಗಳು ಜಾರತೊಡಗಿದವು. "ಈಗ ನೋಡು," ಎಂದು ಅಣ್ಣ ಎದುರಿನ ಚಕ್ರಗಳಿಗೆ ಬಲ ಕೊಡುವ ಸಣ್ಣ ಲಿವರನ್ನು ಎಳೆದ.

ಗಾಡಿ ಒಮ್ಮೆ ನಡುಗಿತು. ಆಮೇಲೆ, ಕೆಸರು ಕಂಡ ಎಮ್ಮೆಯ ಹಾಗೆ, ನಾಲ್ಕೂ ಕಾಲು ಮಡಚಿ ಕೂತಿತು.

ಅಣ್ಣ ಇನ್ನಷ್ಟು ಎಕ್ಸಿಲರೇಟರ್ ಒತ್ತಿದ. ಇನ್ನಷ್ಟು ಕೆಳಗೆ ಹೋಯಿತು. ಅವನ ಕುತ್ತಿಗೆ ಕೆಂಪಾಗಿತ್ತು. ಅಲೆಯ ನೊರೆ ಹಿಂದಿನ ಚಕ್ರದ ಹತ್ತಿರಕ್ಕೆ ಬಂದು ನೋಡಿ ಹೋಯಿತು.

"ಪೊರ್ಬುಗಳೇ, ಬಲೆ ಇಲ್ಲಿ ಉಂಟು! ನೀವು ಅಲ್ಲೇ ಬಾವಿ ತೋಡುವುದಾ?" ಸಾಹುಕಾರರು ಕೂಗಿದರು. ಜನ ನಕ್ಕರು. ಅಣ್ಣ ನಗಲಿಲ್ಲ. ಗುಜರಿ ಎಂಬ ಶಬ್ದವನ್ನು ಯಾರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ.

ಕಡೆಗೆ ರಂಪಣಿಯವರೇ ಬಲೆಯ ಹಗ್ಗ ತಂದು ಗಾಡಿಯ ಹಿಂಬದಿಗೆ ಕಟ್ಟಿ, ಬಲೆಗೆ ಹಾಕುವ ಕೂಗನ್ನೇ ಹಾಕುತ್ತಾ ಎಳೆದು ತೆಗೆದರು. ಒಬ್ಬ ಮುದುಕ ಖಾಲಿ ಪೆಟ್ಟಿಗೆಯೊಳಗೆ ಇಣುಕಿ, ಗಾಡಿಯ ಬೆನ್ನು ತಟ್ಟಿ, "ದೊಡ್ಡ ಬಲೆಗೆ ಇದೊಂದೇ ಮೀನಾ?" ಎಂದ.

ಗಾಡಿ ಹೋದ ಜಾಗದಲ್ಲಿ ನಾಲ್ಕು ಗುಂಡಿಗಳು ಉಳಿದವು. ಅವುಗಳನ್ನು ಮೊದಲು ಸರಿಯಾಗಿ ನೋಡಿದ್ದು ನಾನು. ಮೇಸ್ತ್ರಿ ತಾನು ಅನ್ನುತ್ತಿದ್ದರು. ಅಣ್ಣನ ಕಥೆಯಲ್ಲಿ ಅಣ್ಣ. ಮೂವರೂ ಒಟ್ಟಿಗೇ ನೋಡಿದೆವು ಎಂದರೆ ಜಗಳ ತಪ್ಪುತ್ತದೆ, ಆದರೆ ಹಾಗೆ ಆಗಿರಲಿಲ್ಲ. ಕಂಡದ್ದು ಇಷ್ಟು: ಹಿಂದಿನ ಗುಂಡಿಗಳ ಹಿಂದೆ ಮರಳಿನ ರಾಶಿ. ಚಕ್ರ ಮುಂದಕ್ಕೆ ಓಡುವಾಗ ಮರಳನ್ನು ಹಿಂದಕ್ಕೆ ಎಸೆಯುತ್ತದೆ, ಸರಿ. ಎದುರಿನ ಗುಂಡಿಗಳ ರಾಶಿ ಮಾತ್ರ ಎದುರಿಗೆ, ಕಡಲ ಕರೆಯ ಉದ್ದಕ್ಕೆ ಬೀಸಣಿಗೆಯ ಹಾಗೆ ಹರಡಿತ್ತು.

ಮೇಸ್ತ್ರಿ ಎರಡು ಅಂಗೈಗಳನ್ನು ಎದುರುಬದುರು ಹಿಡಿದು, ಒಂದನ್ನು ಮಗುಚಿದರು. ಮತ್ತೆ ಮಗುಚಿದರು. "ಅಯ್ಯೋ ದೇವರೇ," ಎಂದರು. "ಗುಂಡನ್ನು ತಲೆಕೆಳಗು ಮಾಡಿದೆವಲ್ಲ, ಒಳಗಿನ ಹಲ್ಲುಚಕ್ರ ಈ ಬದಿಯದ್ದು ಆ ಬದಿಗೆ ಹೋಯ್ತು. ಎದುರಿನ ಚಕ್ರ ಹಿಂದೆ ಹೋಗ್ತದೆ, ಹಿಂದಿನ ಚಕ್ರ ಎದುರು ಹೋಗ್ತದೆ."

"ಅಂದ್ರೆ ಗಾಡಿ ತನ್ನೊಂದಿಗೇ ಹಗ್ಗಜಗ್ಗಾಟ ಆಡ್ತಾ ಇತ್ತು," ಎಂದರು ಸಾಹುಕಾರರು. ಅವರಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಕೊಡೆ ಮಡಚಿ ಗುಂಡಿಯೊಳಗೆ ಚುಚ್ಚಿ, ಎಷ್ಟು ಆಳ ಎಂದು ನೋಡುತ್ತಿದ್ದರು. "ಸರಿ ಮಾಡ್ಲಿಕ್ಕೆ ಆಗ್ತದಾ?"

"ಆಗ್ತದೆ," ಎಂದರು ಮೇಸ್ತ್ರಿ. ಅಣ್ಣನ ಕಡೆ ನೋಡದೆ ಮುಂದುವರಿಸಿದರು. "ಗುಂಡನ್ನು ಮೊದಲಿನ ಹಾಗೆ ಕೂರಿಸ್ಬೇಕು. ಆಗ ಸರಳು ಮತ್ತೆ ತಾಗ್ತದೆ. ಸ್ಟೇರಿಂಗ್ ಎಡಕ್ಕೇ ಹೋಗ್ಬೇಕು."

ಅಣ್ಣ ನೀರಿನ ಕಡೆ ನೋಡುತ್ತಿದ್ದ. ಅವನು ಬಹಳ ಹೊತ್ತು ಸುಮ್ಮನಿದ್ದ ಎಂದು ಬರೆಯಬಹುದು, ಕಥೆಗೆ ಚೆಂದ. ನನಗೆ ಕೇಳಿಸುವುದು ಬೇಗ ಬಂದ ಉತ್ತರ:

"ಎಡವಾದ್ರೆ ಎಡ. ಕೂರಲು ಬೇಕಾದದ್ದು ಸೀಟು."

ಗಾಡಿ ಮತ್ತೆ ಬಿಜೈಗೆ ಹೋಯಿತು, ಸ್ಟೇರಿಂಗ್ ಎಡಕ್ಕೆ ಹೋಯಿತು, ಗುಂಡು ನೆಟ್ಟಗಾಯಿತು. ಈ ಸಲ ನಾಲ್ಕೂ ಚಕ್ರಗಳನ್ನು ಒಟ್ಟಿಗೆ ಎತ್ತಿ, ಮೇಸ್ತ್ರಿಯೂ ನಾನೂ ಒಂದೇ ಬದಿಯಲ್ಲಿ ಕೂತು ನೋಡಿದೆವು. ಎಡದಿಂದ ಓಡಿಸುವವನಿಗೆ ಬಲಕ್ಕೆ ತಿರುಗುವಾಗ ಕೈ ತೋರಿಸಲು ಆಗುವುದಿಲ್ಲ. ಕೈ ತೋರಿಸಲು ಬಲಗಡೆ ಒಬ್ಬರು ಬೇಕು. ಮುಂದಿನ ಆದಿತ್ಯವಾರ ಪೂಜೆಗೆ ಉಟ್ಟ ಸೀರೆಯಲ್ಲೇ ನಾನು ಅಲ್ಲಿ ಕೂತೆ. ನನ್ನ ಎದುರು ಸ್ಟೇರಿಂಗ್ ಇಲ್ಲ, ಅದಿದ್ದ ಜಾಗದಲ್ಲಿ ಒಂದು ತೂತು ಮಾತ್ರ. ಅಣ್ಣ ಬೇಕೆಂದೇ ಹಂಪನಕಟ್ಟೆಗೆ ಸುತ್ತು ಹಾಕಿದ. "ಕೈ!" ಎಂದ. ನಾನು ಕೈ ಚಾಚಿದೆ. ಪೊಲೀಸಿನವ ನನ್ನನ್ನು ನೋಡಿದ, ಸ್ಟೇರಿಂಗ್ ಇಲ್ಲದ ನನ್ನ ಮಡಿಲನ್ನು ನೋಡಿದ, ದಾರಿ ಬಿಟ್ಟ. ಬಸ್ಸಿನ ಧಣಿಗಳು ಯಾರಾದರೂ ನೋಡಿದರೋ ಗೊತ್ತಿಲ್ಲ. ಅಣ್ಣ ಆ ಕಡೆ ತಿರುಗಲಿಲ್ಲ.

ಮರಳಿಗೆ ಇಳಿದಾಗ ಅವನು ಲಿವರ್ ಎಳೆದ. ನಾನು ಹೊರಗೆ ಬಗ್ಗಿ ಎದುರಿನ ಚಕ್ರವನ್ನೇ ನೋಡುತ್ತಿದ್ದೆ. ಮರಳು ಹಿಂದಕ್ಕೆ ಹಾರಿತು. ಹಾರುತ್ತಲೇ ಇತ್ತು.

"ಇದೆಂತದು!" ಸಾಹುಕಾರರು ಎರಡೂ ಕೈ ಎತ್ತಿದರು. "ಬಾಯಮ್ಮ ಡ್ರೈವರ್, ಪೊರ್ಬು ಕ್ಲೀನರಾ?"

"ಹೌದು!" ಎಂದು ಅಣ್ಣ ಕೂಗಿದ. ಬಲೆಯ ಬುಡ ಬಂತು. ಅವನು ನಿಲ್ಲಿಸಲಿಲ್ಲ.

"ನಿಲ್ಸಿ ಮಾರಾಯ್ರೆ, ಬಲೆ ಇಲ್ಲಿ! ಇಲ್ಲಿ!" ಹಿಂದಿನಿಂದ ಸಾಹುಕಾರರ ಕೂಗು ಸಣ್ಣದಾಗುತ್ತಾ ಬಂತು. ಗಾಡಿ ತೆಂಕಕ್ಕೆ ಹೋಗುತ್ತಿತ್ತು. ಬಲಗಡೆ ಕಡಲು. ಅಣ್ಣ "ಕೈ!" ಎಂದ. ಆ ಕಡೆ ತಿರುಗಲು ನೀರು ಬಿಟ್ಟರೆ ಏನೂ ಇರಲಿಲ್ಲ, ಆದರೂ ನಾನು ಕೈ ಚಾಚಿದೆ.